ಕೋವಿಯ ಮೇಲಿನ ನಂಬರ್ ಬರೆದವರು ಯಾರು?

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕೋವಿ ಇದ್ದರೆ ಅದರ ಪರವಾನಗಿ ಪುಸ್ತಕವನ್ನು ಒಮ್ಮೆ ತೆಗೆದು ನೋಡಿ. ಹೆಸರು, ವಿಳಾಸ, ಫೋಟೋ ಆದಮೇಲೆ ಆಯುಧದ ವಿವರ ಇರುತ್ತದೆ. ಅಲ್ಲಿ ಒಂದು ನಂಬರ್ ಕಾಣುತ್ತದೆ. ಹೆಚ್ಚಿನ ಪುಸ್ತಕಗಳಲ್ಲಿ ಅದು 12 ಬೋರ್. ಕೆಲವರದ್ದು .315. ಇನ್ನು ಕೆಲವರದ್ದು ಬಾಯಿಂದ ಮದ್ದು ತುಂಬುವ ಹಳೇ ಕಾಲದ ಕೋವಿ.

ಈ ನಂಬರ್ ಎಲ್ಲಿಂದ ಬಂತು? ಹಂದಿಗೆ ಇಷ್ಟು, ಹುಲಿಗೆ ಇಷ್ಟು, ಆನೆಗೆ ಇಷ್ಟು ಎಂದು ಯಾರೋ ಅನುಭವಸ್ಥ ಶಿಕಾರಿಗಳು ಲೆಕ್ಕ ಹಾಕಿ ಇಟ್ಟಿರಬೇಕು ಎಂದು ನಾವು ಮೊದಲು ಅಂದುಕೊಂಡಿದ್ದೆವು. ಹಳೇ ದಾಖಲೆ, ಹಳೇ ಶಿಕಾರಿ ಪುಸ್ತಕ, ಕಾಯ್ದೆಯ ಕಲಮು ಓದುತ್ತಾ ಹೋದಂತೆ ಬೇರೆಯೇ ಕಥೆ ತೆರೆದುಕೊಂಡಿತು. ನಮ್ಮ ದೇಶದಲ್ಲಿ ಬೇಟೆ ಕೋವಿಯ ಅಳತೆಯನ್ನು ಪ್ರಾಣಿಯ ಗಾತ್ರ ತೀರ್ಮಾನಿಸಿದ್ದಕ್ಕಿಂತ ಹೆಚ್ಚಾಗಿ ಸರ್ಕಾರದ ಅಂಜಿಕೆ ತೀರ್ಮಾನಿಸಿದೆ. ಆ ಕಥೆಯನ್ನೇ ಇಲ್ಲಿ ಹೇಳುತ್ತೇವೆ.

ನಂಬರ್ ಎಂದರೆ ಏನು?

ಮೊದಲು ಲೆಕ್ಕ ತಿಳಿದುಕೊಳ್ಳೋಣ. 12 ಬೋರ್ ಅಂದರೆ ಹನ್ನೆರಡು ಮಿಲಿಮೀಟರ್ ಅಲ್ಲ, ಹನ್ನೆರಡು ಇಂಚೂ ಅಲ್ಲ. ಒಂದು ಪೌಂಡ್ ಸೀಸವನ್ನು, ಅಂದರೆ ಸುಮಾರು 453 ಗ್ರಾಂ ಸೀಸವನ್ನು, ಸಮನಾಗಿ ಹನ್ನೆರಡು ಉಂಡೆ ಮಾಡಿ. ಅದರಲ್ಲಿ ಒಂದು ಉಂಡೆ ಯಾವ ನಳಿಗೆಯಲ್ಲಿ ಸರಿಯಾಗಿ ಕೂರುತ್ತದೋ ಅದು 12 ಬೋರ್. ನಳಿಗೆಯ ಒಳಗಿನ ಅಗಲ ಸುಮಾರು ಹದಿನೆಂಟೂವರೆ ಮಿಲಿಮೀಟರ್. ಅದೇ ಸೀಸದಲ್ಲಿ ಎಂಟೇ ಉಂಡೆ ಮಾಡಿದರೆ ಉಂಡೆ ದೊಡ್ಡದಾಗುತ್ತದೆ, ನಳಿಗೆಯೂ ದೊಡ್ಡದು ಬೇಕು. ಹಾಗಾಗಿ 8 ಬೋರ್ 12 ಬೋರಿಗಿಂತ ದೊಡ್ಡದು. 4 ಬೋರ್ ಇನ್ನೂ ದೊಡ್ಡದು, ಅದರ ಒಂದು ಗುಂಡಿನ ತೂಕವೇ ಕಾಲು ಪೌಂಡ್. ನಂಬರ್ ಇಳಿದಷ್ಟೂ ಕೋವಿ ಹಿರಿದಾಗುತ್ತದೆ.

ರೈಫಲಿನ ಲೆಕ್ಕ ಬೇರೆ. ರೈಫಲಿನ ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಆ ಗೀರಿಗೆ ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತಾ ಹೊರಬರುತ್ತದೆ, ಅದಕ್ಕೇ ದೂರಕ್ಕೆ ನೇರವಾಗಿ ಹೋಗುತ್ತದೆ. ಇದರ ಅಗಲವನ್ನು ಇಂಗ್ಲಿಷರು ಇಂಚಿನ ಸಾವಿರದ ಭಾಗದಲ್ಲಿ ಹೇಳುತ್ತಿದ್ದರು. .303 ಅಂದರೆ ಇಂಚಿನ ಸಾವಿರ ಭಾಗದಲ್ಲಿ 303 ಭಾಗ, ನಮ್ಮ ಲೆಕ್ಕದಲ್ಲಿ 7.7 ಮಿಲಿಮೀಟರ್. .315 ಅಂದರೆ 8 ಮಿಲಿಮೀಟರ್. .470 ಅಂದರೆ ಹೆಚ್ಚೂಕಡಿಮೆ 12 ಮಿಲಿಮೀಟರ್.

.303ಕ್ಕೂ .315ಕ್ಕೂ ಇರುವ ಅಂತರ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇಲ್ಲ. ಈ ಕೂದಲೆಳೆಯಷ್ಟು ಅಂತರದ ಮೇಲೆ ಒಂದು ಕಾನೂನೇ ನಿಂತಿದೆ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹಲಗಲಿಯಿಂದ ಶುರು

ಹತ್ತನೇ ತರಗತಿಯಲ್ಲಿ ಹಲಗಲಿ ಬೇಡರ ಲಾವಣಿ ಓದಿದವರು ನಮ್ಮಲ್ಲಿ ಬಹಳ ಜನ. ಆ ಲಾವಣಿಯ ಹಿಂದಿನ ಜಗಳ ಆಯುಧದ್ದೇ.

1857ರ ದಂಗೆ ಉತ್ತರದಲ್ಲಿ ಎದ್ದಾಗ ಅದಕ್ಕೆ ಕಿಡಿಯಾದದ್ದು ಎನ್‌ಫೀಲ್ಡ್ ರೈಫಲಿನ ಕಾಡತೂಸು. ಅದಕ್ಕಿಂತ ಹಿಂದಿನ ಸಿಪಾಯಿ ಬಂದೂಕಿನ ನಳಿಗೆ ಒಳಗೆ ನುಣುಪಾಗಿತ್ತು, ಗುಂಡು ಸಡಿಲವಾಗಿ ಜಾರಿ ಇಳಿಯುತ್ತಿತ್ತು. .577 ಅಳತೆಯ ಎನ್‌ಫೀಲ್ಡ್‌ಗೆ ಸುರುಳಿ ಗೀರಿತ್ತು. ಗುಂಡು ಬಿಗಿಯಾಗಿ ಕೂರಬೇಕು, ಬಾಯಿಂದ ತಳದವರೆಗೆ ತಳ್ಳುವಾಗ ಜಾರಲು ಜಿಡ್ಡು ಬೇಕು. ಆ ಜಿಡ್ಡು ದನದ್ದು, ಹಂದಿಯದ್ದು ಎಂಬ ಮಾತು ಹಬ್ಬಿತು. ಮುಂದಿನದು ಎಲ್ಲರಿಗೂ ಗೊತ್ತು.

ದಂಗೆ ಎದ್ದದ್ದೇ ತಡ, ಕಂಪನಿ ಸರ್ಕಾರ ಜನರ ಕೈಯ ಆಯುಧ ಕಸಿಯುವ ಕಾಯ್ದೆ ತಂದಿತು. ಆಯುಧ ಇಟ್ಟುಕೊಂಡವರು ತಂದು ಒಪ್ಪಿಸಬೇಕು, ಇಲ್ಲವೇ ಪರವಾನಗಿ ಪಡೆಯಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಬೇಟೆಯೇ ಬದುಕು, ಆಯುಧವೇ ಮಾನ. ಅವರು ಕೊಡುವುದಿಲ್ಲ ಎಂದರು. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿ ಬಿತ್ತು, ಅನೇಕರು ಸತ್ತರು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು.

ನಾಲ್ಕೇ ವರ್ಷದ ನಂತರ, 1861ರಲ್ಲಿ, ಅದೇ ಬ್ರಿಟಿಷ್ ಆಡಳಿತ ಕೊಡಗಿನಲ್ಲಿ ತದ್ವಿರುದ್ಧವಾಗಿ ನಡೆದುಕೊಂಡಿತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಆಯುಧ ಕಸಿಯುವ ಕಾಯ್ದೆ ಕೊಡವರಿಗೆ ಅನ್ವಯಿಸುವುದಿಲ್ಲ ಎಂದು ಪ್ರಕಟಿಸಿದರು. ಕಾರಣ, ಅವರ ನಿಷ್ಠೆ ಮತ್ತು ಶೌರ್ಯ.

ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಹಲಗಲಿಯಲ್ಲೂ ಕೊಡಗಿನಲ್ಲೂ ಬೇಟೆ ಇತ್ತು, ಕಾಡು ಇತ್ತು, ಆಯುಧಕ್ಕೆ ಪೂಜೆ ಇತ್ತು. ವ್ಯತ್ಯಾಸ ಇದ್ದದ್ದು ಒಂದೇ ಕಡೆ: ಸರ್ಕಾರಕ್ಕೆ ಯಾರ ಮೇಲೆ ನಂಬಿಕೆ, ಯಾರ ಮೇಲೆ ಅನುಮಾನ ಎಂಬಲ್ಲಿ.

ಅನುಮಾನ ಸಿಪಾಯಿಗಳನ್ನೂ ಬಿಡಲಿಲ್ಲ. ದಂಗೆಯ ನಂತರ ಭಾರತೀಯ ಪಲ್ಟನ್ನುಗಳಿಗೆ ಎನ್‌ಫೀಲ್ಡ್‌ನಂತೆಯೇ ಕಾಣುವ, ಆದರೆ ಗೀರಿಲ್ಲದ ನುಣುಪು ನಳಿಗೆಯ .656 ಅಳತೆಯ ಬಂದೂಕು ಮಾಡಿಸಿ ಕೊಟ್ಟರು. ಮೇಲುನೋಟಕ್ಕೆ ರೈಫಲ್, ಒಳಗೆ ಹಳೇ ಬಂದೂಕು. ಆಮೇಲೂ ಬಿಳಿಯ ಸೈನಿಕನ ಕೈಗೆ ಹೊಸ ರೈಫಲ್ ಬಂದಾಗ ನಮ್ಮ ಸಿಪಾಯಿಗೆ ಸಿಗುತ್ತಿದ್ದದ್ದು ಅವರು ಬಿಟ್ಟ ಹಳೆಯದು. 1878ರ ಆಯುಧ ಕಾಯ್ದೆ ಇದನ್ನೇ ಊರಿಗೆಲ್ಲ ಹಬ್ಬಿಸಿತು: ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ವಿನಾಯಿತಿ.

ಪ್ರಾಣಿಯನ್ನು ನೋಡಿ ಆರಿಸಿದ ಕಾಲ

ವಿನಾಯಿತಿ ಇದ್ದವರಿಗೆ ಮಾತ್ರ ಆಗ ನಿಜವಾದ ಆಯ್ಕೆ ಇತ್ತು. ಅವರು ಹೇಗೆ ಆರಿಸುತ್ತಿದ್ದರು ಎನ್ನುವುದಕ್ಕೆ ನಮ್ಮ ನೆಲದ್ದೇ ಒಳ್ಳೆಯ ಉದಾಹರಣೆ ಜಿ.ಪಿ. ಸ್ಯಾಂಡರ್ಸನ್.

ಸ್ಯಾಂಡರ್ಸನ್ 1864ರಲ್ಲಿ ಭಾರತಕ್ಕೆ ಬಂದು ಮೈಸೂರು ಸೀಮೆಯಲ್ಲಿ ಕಾಲುವೆ ಕೆಲಸಕ್ಕೆ ಸೇರಿದವರು. ಆಮೇಲೆ ಆನೆ ಹಿಡಿಯುವ ಕೆಲಸ ವಹಿಸಿಕೊಂಡು 1874ರಲ್ಲಿ ಚಾಮರಾಜನಗರದ ಹತ್ತಿರ ಖೆಡ್ಡಾ ಮಾಡಿ ಆನೆ ಹಿಂಡನ್ನೇ ಹಿಡಿದರು. 1878ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ತಾವು ಬಳಸಿದ ಕೋವಿಗಳ ಬಗ್ಗೆಯೂ ಬರೆದಿದ್ದಾರೆ.

ಆಗ ಇದ್ದದ್ದು ಕಪ್ಪು ಮದ್ದು. ಅದಕ್ಕೆ ಗುಂಡನ್ನು ಒಂದು ಮಿತಿಗಿಂತ ವೇಗವಾಗಿ ತಳ್ಳುವ ಶಕ್ತಿ ಇರಲಿಲ್ಲ. ವೇಗ ಹೆಚ್ಚಿಸಲು ಆಗದಿದ್ದರೆ ತೂಕ ಹೆಚ್ಚಿಸಬೇಕು. ಆದ್ದರಿಂದ ದೊಡ್ಡ ಪ್ರಾಣಿಗೆ ದೊಡ್ಡ ಉಂಡೆ, ದೊಡ್ಡ ಉಂಡೆಗೆ ದಪ್ಪ ನಳಿಗೆ. ಸ್ಯಾಂಡರ್ಸನ್ ಮೊದಲು 12 ಬೋರ್ ರೈಫಲಿನಲ್ಲಿ ಆನೆ ಹೊಡೆದರು. ಎಲ್ಲ ಹೊತ್ತಿನಲ್ಲೂ ಅದು ಸಾಲದು ಎನಿಸಿ ಒಂಟಿ ನಳಿಗೆಯ 4 ಬೋರ್ ಮಾಡಿಸಿದರು. ಒಮ್ಮೆ ಅದರ ತೋಟಾ ಹತ್ತಲಿಲ್ಲ, ಸಲಗದ ಕೈಯಿಂದ ಸ್ವಲ್ಪದರಲ್ಲಿ ಪಾರಾದರು. ಆಮೇಲೆ ತರಿಸಿದ್ದು ಜೋಡಿ ನಳಿಗೆಯ 4 ಬೋರ್. ಅದರ ತೂಕ ಒಂಬತ್ತು ಕಿಲೋಗೆ ಹತ್ತಿರ. ಭರ್ತಿ ಸಿಲಿಂಡರ್ ಅಲ್ಲದಿದ್ದರೂ, ಹೊತ್ತು ಕಾಡು ಸುತ್ತುವವನಿಗೆ ಅದು ಅಷ್ಟೇ ಭಾರ.

ಇಲ್ಲಿ ಆಯ್ಕೆಯ ದಾರಿ ನೇರವಾಗಿದೆ. ಪ್ರಾಣಿ ಯಾವುದು, ಗುಂಡು ಎಷ್ಟು ಆಳ ಹೋಗಬೇಕು, ಮೊದಲ ಈಡು ತಪ್ಪಿದರೆ ಎರಡನೆಯದು ಸಿಗುತ್ತದೆಯೇ, ನನ್ನ ಹೆಗಲು ಎಷ್ಟು ತಡೆಯುತ್ತದೆ. ನಾಲ್ಕೂ ಪ್ರಶ್ನೆ ಕಾಡಿನದ್ದು. ಕಚೇರಿಯ ಪ್ರಶ್ನೆ ಒಂದೂ ಇಲ್ಲ. ಅದೇ ಸ್ಯಾಂಡರ್ಸನ್ ಜೊತೆ ಹೆಜ್ಜೆ ಗುರುತು ಹಿಡಿದು ನಡೆದ ಕಾಡಿನ ಜನರಿಗೆ ಈ ಯಾವ ಆಯ್ಕೆಯೂ ಇರಲಿಲ್ಲ. ಆನೆಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಮಾತ್ರ ಬಹಳ.

.450 ಬೇಡ, .470 ಆಗಬಹುದು

1880ರ ನಂತರ ಹೊಗೆಯಿಲ್ಲದ ಮದ್ದು ಬಂತು. ಬ್ರಿಟಿಷ್ ಸೈನ್ಯ 1888ರಲ್ಲಿ .303 ಅಳತೆಗೆ ಇಳಿಯಿತು. ಸಣ್ಣ ಗುಂಡು, ಆದರೆ ಬಹಳ ವೇಗ. ಬೇಟೆ ಕೋವಿ ಮಾಡುವವರೂ ಅದೇ ದಾರಿ ಹಿಡಿದರು. 1898ರಲ್ಲಿ ಲಂಡನ್ನಿನ ಜಾನ್ ರಿಗ್ಬಿ ಹೊಗೆಯಿಲ್ಲದ ಮದ್ದಿನ .450 ರೈಫಲ್ ಹೊರತಂದರು. ಒಂಬತ್ತು ಕಿಲೋ ತೂಕದ ಕೋವಿ ಮಾಡುತ್ತಿದ್ದ ಕೆಲಸವನ್ನು ಐದು ಕಿಲೋ ತೂಕದ್ದು ಮಾಡತೊಡಗಿತು. ಆನೆ, ಕಾಟಿ, ಹುಲಿ ಎಲ್ಲದಕ್ಕೂ .450 ಸಾಕು ಎಂದು ಶಿಕಾರಿಗಳು ಒಪ್ಪಿಕೊಂಡರು.

ಆಗ ಸರ್ಕಾರ ನಡುವೆ ಬಂತು. 1907ರ ಸುಮಾರಿಗೆ .450 ಅಳತೆಯ ರೈಫಲನ್ನು ಭಾರತಕ್ಕೂ ಸೂಡಾನಿಗೂ ತರಕೂಡದು ಎಂದು ನಿಷೇಧ ಹೇರಿತು. ಕಾರಣ ಆನೆಯಲ್ಲ, ಹುಲಿಯಲ್ಲ. ಸೈನ್ಯ ಬಿಟ್ಟಿದ್ದ ಹಳೇ ಮಾರ್ಟಿನಿ-ಹೆನ್ರಿ ರೈಫಲಿನ ಗುಂಡಿನ ಅಳತೆಯೂ .450. ಅಂಥ ಹಳೇ ಮಾರ್ಟಿನಿಗಳು ವಾಯವ್ಯ ಗಡಿಯ ಬುಡಕಟ್ಟಿನವರ ಕೈಯಲ್ಲಿ ಬೇಕಾದಷ್ಟಿದ್ದವು. ಬೇಟೆಗೆಂದು ಬಂದ ಗುಂಡು ಅವರ ಕೈ ಸೇರಿದರೆ ಎಂಬುದು ಅಂಜಿಕೆ. ಬೇಟೆಯ .450 ತೋಟಾ ಮಾರ್ಟಿನಿಯೊಳಗೆ ಕೂರುವಂಥದ್ದೇ ಅಲ್ಲ, ಉದ್ದ ಬೇರೆ, ಆಕಾರ ಬೇರೆ. ಆದರೂ ಗುಂಡು ಕಿತ್ತು ಬಳಸಿದರೆ ಎಂಬ ಭಯ ಸಾಕಾಯಿತು.

ಲಂಡನ್ನಿನ ಕೋವಿ ಅಂಗಡಿಗಳಿಗೆ ಭಾರತ ದೊಡ್ಡ ಮಾರುಕಟ್ಟೆ. ಮಹಾರಾಜರು, ಜಮೀನ್ದಾರರು, ಕಲೆಕ್ಟರುಗಳು, ಕಾಫಿ ಮತ್ತು ಟೀ ತೋಟದ ದೊರೆಗಳು ಎಲ್ಲರೂ ಗಿರಾಕಿಗಳೇ. ಆ ಗಿರಾಕಿಗಳನ್ನು ಬಿಡಲಾಗದೆ ಅವರು ಅಳತೆಯನ್ನು ಕೊಂಚ ಅತ್ತಿತ್ತ ಸರಿಸಿದರು. ಒಬ್ಬರು .465 ಮಾಡಿದರು. .470 ಬಂತು, .475 ಬಂತು, .476 ಬಂತು. .450ಕ್ಕೂ .470ಕ್ಕೂ ಅಂತರ ಅರ್ಧ ಮಿಲಿಮೀಟರ್. ಈ ಅಂತರ ಆನೆಗೆ ತಿಳಿಯುವುದಿಲ್ಲ, ಕಸ್ಟಮ್ಸ್ ಗುಮಾಸ್ತನಿಗೆ ತಿಳಿಯುತ್ತದೆ.

ಇವುಗಳಲ್ಲಿ .470 ಬಹಳ ಹೆಸರು ಮಾಡಿತು. ಆಫ್ರಿಕಾದ ಶಿಕಾರಿಗಳೂ ಮೆಚ್ಚಿದರು, ಇವತ್ತಿಗೂ ಅದು ತಯಾರಾಗುತ್ತಿದೆ. ಆಮೇಲೆ ನಿಷೇಧ ಹೋದರೂ .450 ತನ್ನ ಹಳೇ ಜಾಗ ಹಿಡಿಯಲಿಲ್ಲ. ಭಾರತದ ಗಡಿಯ ಒಂದು ಅಂಜಿಕೆಯಿಂದ ಲೋಕದ ಬೇಟೆ ಕೋವಿಯ ಲೆಕ್ಕವೇ ಬದಲಾಯಿತು.

ಹೊಸ ರೈಫಲ್ ಕೊಳ್ಳುವವರ ಲೆಕ್ಕಾಚಾರ

ನಿಷೇಧದ ಬೇಲಿಯೊಳಗೆ ನಿಂತು 1910, 1920ರಲ್ಲಿ ಒಬ್ಬ ಹೊಸ ರೈಫಲ್ ಕೊಳ್ಳಬೇಕಾದರೆ ಏನೇನು ನೋಡುತ್ತಿದ್ದ?

ಮೊದಲನೆಯದು ಮಾದರಿ. ಜೋಡಿ ನಳಿಗೆಯ ರೈಫಲಿಗೆ ಎರಡು ನಳಿಗೆ, ಎರಡು ಟ್ರಿಗರ್, ಎರಡು ಬೇರೆ ಬೇರೆ ಯಂತ್ರ. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ, ಎರಡನೇ ಈಡಿಗೆ ಬೆರಳು ಸರಿಸಿದರೆ ಸಾಕು. ಆದರೆ ಎರಡು ನಳಿಗೆಯೂ ಒಂದೇ ಕಡೆ ಹೊಡೆಯುವಂತೆ ಕೂಡಿಸಲು ನುರಿತ ಕುಶಲಕರ್ಮಿ ಬೇಕು. ಅದಕ್ಕೇ ಅದು ಸಿರಿವಂತರ ಕೋವಿ. ಬೋಲ್ಟ್ ರೈಫಲ್ ಒಂಟಿ ನಳಿಗೆಯದು, ಒಳಗೆ ನಾಲ್ಕೈದು ತೋಟಾ ಹಿಡಿಸುತ್ತದೆ, ಪ್ರತಿ ಈಡಿನ ನಂತರ ಹಿಡಿ ಎತ್ತಿ ಹಿಂದೆಳೆದು ಮುಂದೆ ತಳ್ಳಬೇಕು. ಜರ್ಮನಿಯ ಮೌಸರ್ 1898ರಲ್ಲಿ ಮಾಡಿದ ಬೋಲ್ಟ್ ಎಷ್ಟು ಗಟ್ಟಿ ಮತ್ತು ಅಗ್ಗವಾಗಿತ್ತೆಂದರೆ ಇಂಗ್ಲೆಂಡಿನ ಹೆಸರಾಂತ ಅಂಗಡಿಗಳೂ ಅದನ್ನೇ ತರಿಸಿ ಅದರ ಮೇಲೆ ತಮ್ಮ ರೈಫಲ್ ಕಟ್ಟಿದವು.

ಎರಡನೆಯದು ನಮ್ಮ ಬಿಸಿಲು. ಹೊಗೆಯಿಲ್ಲದ ಮದ್ದು ಬಿಸಿಯೇರಿದರೆ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಚಳಿಯ ಇಂಗ್ಲೆಂಡಿನಲ್ಲಿ ಸರಿಯಾಗಿದ್ದ ತೋಟಾ ನಮ್ಮ ಏಪ್ರಿಲ್ ಬಿಸಿಲಿಗೆ ಉಬ್ಬಿ ನಳಿಗೆಯಲ್ಲೇ ಕಚ್ಚಿಕೊಳ್ಳಬಹುದು. ಗಾಯಗೊಂಡ ಪ್ರಾಣಿ ಎದುರಿಗಿರುವಾಗ ಖಾಲಿ ತೋಟಾ ಹೊರಬರದಿದ್ದರೆ ಗತಿ ಏನು? ಅದಕ್ಕೇ .450, .470 ಮುಂತಾದವುಗಳಿಗೆ ಉದ್ದನೆಯ ದೊಡ್ಡ ತೋಟಾ ಮಾಡಿ ಒತ್ತಡವನ್ನು ಬೇಕೆಂದೇ ಕಡಿಮೆ ಇಟ್ಟರು. ಅಳತೆ ಸರ್ಕಾರದ್ದಾದರೂ ಈ ಬುದ್ಧಿ ಹವಾಮಾನದ್ದು.

ಮೂರನೆಯದು ತೋಟಾ ಸಿಗುವ ಜಾಗ. ಎಷ್ಟೇ ಚಂದದ ರೈಫಲ್ ಆದರೂ ತೋಟಾ ಹಡಗಿನಲ್ಲೇ ಬರಬೇಕಿದ್ದರೆ ಅದು ಗೋಡೆಯ ಅಲಂಕಾರ.

ಎರಡು ಹೆಸರುಗಳನ್ನು ಇಲ್ಲಿ ನೆನೆಯಬೇಕು. ಕುಮಾವೂನಿನ ಜಿಮ್ ಕಾರ್ಬೆಟ್ 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಬಹುಮಾನವಾಗಿ ಅವರಿಗೆ ಸಿಕ್ಕಿದ್ದು ರಿಗ್ಬಿಯ .275 ರೈಫಲ್. ಅದರ ತೋಟಾ ಜರ್ಮನಿಯ ಮೌಸರ್ ಮಾಡಿದ 7 ಮಿಲಿಮೀಟರಿನದು. ಹಗುರ, ಸಣ್ಣ, ಆದರೆ ಬಹಳ ನಿಖರ. ರುದ್ರಪ್ರಯಾಗದ ಚಿರತೆಯನ್ನು 1926ರಲ್ಲಿ ಅವರು ಹೊಡೆದದ್ದು ಅದರಲ್ಲೇ.

ಇನ್ನೊಬ್ಬರು ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕತೆಗಳು' ಸರಣಿಯಲ್ಲಿ ಕನ್ನಡಕ್ಕೆ ತಂದದ್ದು ಇವರ ಅನುಭವಗಳನ್ನೇ. ಆಂಡರ್ಸನ್ ಕೈಯಲ್ಲಿದ್ದದ್ದು ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿ, .405 ಅಳತೆ. ಟ್ರಿಗರಿನ ಕೆಳಗಿನ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಹೊಸ ತೋಟಾ ಕೂರುವ ರೈಫಲ್ ಅದು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಒಯ್ದದ್ದೂ ಇದನ್ನೇ.

.275 ಆಗಲಿ .405 ಆಗಲಿ ಭಾರತದ ಬ್ರಿಟಿಷ್ ಸೈನ್ಯದ ಅಳತೆಯಲ್ಲ ಎನ್ನುವುದನ್ನು ಗಮನಿಸಿ. ಮೌಸರಿನ 7 ಮಿಲಿಮೀಟರ್ ತೋಟಾವನ್ನು ದಕ್ಷಿಣ ಆಫ್ರಿಕಾದಲ್ಲಿ ಬೋಯರರು ಬ್ರಿಟಿಷರ ಮೇಲೆಯೇ ಹಾರಿಸಿದ್ದರು, ಅದು ಮನುಷ್ಯನನ್ನು ಕೊಲ್ಲದ ಗುಂಡೇನೂ ಅಲ್ಲ. ಆದರೆ ಇಲ್ಲಿನ ಸೇನೆಯ ಉಗ್ರಾಣದಿಂದ ಕದ್ದು ತುಂಬಲು ಬರುವುದಿಲ್ಲ. ಸರ್ಕಾರಕ್ಕೆ ಬೇಕಿದ್ದದ್ದು ಅಷ್ಟೇ.

.315: ಯಂತ್ರ ಸೈನ್ಯದ್ದು, ನಳಿಗೆ ಬೇರೆಯದು

ಈಗ ಮೊದಲು ಹೇಳಿದ ಕೂದಲೆಳೆಯ ಅಂತರಕ್ಕೆ ಬರೋಣ.

ಸೈನ್ಯದ .303 ಖಾಸಗಿಯವರಿಗೆ ಸಿಗದಂತಾಯಿತು. ಆದರೆ ಲೀ-ಎನ್‌ಫೀಲ್ಡ್ ರೈಫಲಿನ ಬೋಲ್ಟ್ ಯಂತ್ರ ಗಟ್ಟಿ, ರಿಪೇರಿ ಬಲ್ಲವರು ಎಲ್ಲೆಡೆ ಇದ್ದರು. ಯಂತ್ರ ಅದೇ ಇರಲಿ, ನಳಿಗೆಯ ಅಳತೆ ಬದಲಾಗಲಿ ಎಂದರು. ಆರಿಸಿಕೊಂಡದ್ದು ಆಸ್ಟ್ರಿಯಾ-ಹಂಗೇರಿಯ ಸೈನ್ಯ ಬಳಸುತ್ತಿದ್ದ 8 ಮಿಲಿಮೀಟರಿನ ಮ್ಯಾನ್‌ಲಿಕರ್ ತೋಟಾ. ಇಂಚಿನ ಲೆಕ್ಕಕ್ಕೆ ತಂದು .315 ಎಂದು ಹೆಸರಿಟ್ಟರು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ಇಂಥ ರೈಫಲ್ ಮಾರಿತು. ಆಮೇಲೆ ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆ ಅದನ್ನು ತಯಾರಿಸತೊಡಗಿತು.

ಅಂದರೆ .315 ಕೂಡ ಒಂದು ಸೈನ್ಯದ ತೋಟಾವೇ, ಆದರೆ ಪರದೇಶದ್ದು. ಶಕ್ತಿಯಲ್ಲಿ .303ಕ್ಕೆ ಹೋಲಿಸಿದರೆ ಬಹಳ ಕಡಿಮೆಯೇನಲ್ಲ. ಜಿಂಕೆ, ಹಂದಿ, ಹುಲಿ ಯಾವುದಕ್ಕೂ ಇದೇ ಒಳ್ಳೆಯದು ಎಂದು ಯಾರೂ ಪರೀಕ್ಷೆ ಮಾಡಿ ತಂದದ್ದಲ್ಲ. ಆ ಸಾಮ್ರಾಜ್ಯ 1918ರಲ್ಲಿ ಮುಳುಗಿತು, ಅಲ್ಲಿನವರು ಆ ತೋಟಾವನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮ ದೇಶದಲ್ಲಿ ಮಾತ್ರ ಅದು ಇವತ್ತಿಗೂ ಜೀವಂತ.

ಇದೇ ಕಾರ್ಖಾನೆ .303 ರೈಫಲುಗಳನ್ನು ಇನ್ನೊಂದು ರೀತಿಯಲ್ಲೂ ಬದಲಿಸಿತ್ತು. ಒಳಗಿನ ಗೀರು ತೆಗೆದು, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ನುಣುಪು ನಳಿಗೆಯ .410 ಬಂದೂಕು ಮಾಡಿ ಪೊಲೀಸರಿಗೆ, ಜೈಲು ಕಾವಲಿನವರಿಗೆ ಕೊಟ್ಟರು. 1857ರ ನಂತರ ಸಿಪಾಯಿಗೆ ಮಾಡಿದ್ದೇ ಇಲ್ಲಿ ಮರುಕಳಿಸಿತು.

ಇನ್ನೂ ಒಂದು ವಿಚಿತ್ರ ಇದೆ. ಉತ್ತರ ಭಾರತದಲ್ಲಿ ಕಳ್ಳತನದಿಂದ ಮಾಡುವ ನಾಡ ಪಿಸ್ತೂಲುಗಳೂ ಹೆಚ್ಚಾಗಿ .315 ಮತ್ತು 12 ಬೋರ್ ಅಳತೆಯವು. ಕಾರಣ ಸರಳ, ಮಾರುಕಟ್ಟೆಯಲ್ಲಿ ಸಿಗುವ ತೋಟಾ ಅದೇ. ಅಳತೆಗೆ ಬೇಲಿ ಹಾಕಿದರೆ ಅಪರಾಧ ಆ ಬೇಲಿಯೊಳಗಿನ ಅಳತೆಯನ್ನೇ ಹುಡುಕಿಕೊಳ್ಳುತ್ತದೆ.

ದೊರೆ ಹೋದ, ನಂಬರ್ ಉಳಿಯಿತು

ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಹೊಸ ಆಯುಧ ಕಾಯ್ದೆ ಬಂತು. ಬಿಳಿಯ, ಕರಿಯ ಎಂಬ ಭೇದ ಅದರಲ್ಲಿಲ್ಲ. ಆದರೆ ನಿಷೇಧಿತ ಬೋರ್, ನಿಷೇಧಿತವಲ್ಲದ ಬೋರ್ ಎಂಬ ಗೆರೆ ಉಳಿಯಿತು. .303, 9 ಎಂಎಂ ಮುಂತಾದ ಸೇನೆ-ಪೊಲೀಸ್ ಅಳತೆಗಳು ಗೆರೆಯ ಆಚೆ. 12 ಬೋರ್, .315 ಗೆರೆಯ ಈಚೆ.

ಕೃಷಿಕರು ಓದಲೇಬೇಕಾದದ್ದು ಈ ಕಾಯ್ದೆಯ 13ನೇ ಕಲಮು. ಸ್ವರಕ್ಷಣೆಗೆ ಅಥವಾ ಕ್ರೀಡೆಗೆ ಕೇಳಿದರೆ ಕನಿಷ್ಠ ಇಪ್ಪತ್ತು ಇಂಚು ಉದ್ದದ ನುಣುಪು ನಳಿಗೆಯ ಕೋವಿ ಎನ್ನುತ್ತದೆ. ಬೆಳೆ ಕಾಯಲು ಕೇಳಿದರೆ? ಬಾಯಿಂದ ಮದ್ದು ತುಂಬುವ ಕೋವಿ! ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿಗೆ ಪರವಾನಗಿ ಕೊಡಬಹುದು.

ಸ್ಯಾಂಡರ್ಸನ್ ಕಾಲಕ್ಕೇ ತೋಟಾ ಕೋವಿ ಬಂದಾಗಿತ್ತು. ಅದಾಗಿ ಸುಮಾರು ನೂರು ವರ್ಷದ ನಂತರ ಬರೆದ ಕಾಯ್ದೆ, ರಾತ್ರಿಯೆಲ್ಲ ಹಂದಿ ಕಾಯುವ ರೈತನಿಗೆ ಮದ್ದು, ಬಟ್ಟೆ ಚೂರು, ಚರೆ ಒಂದೊಂದಾಗಿ ಸರಳಿನಿಂದ ತಳ್ಳಿ ತುಂಬುವ ಕೋವಿಯನ್ನು ಮೊದಲ ಆಯ್ಕೆ ಮಾಡಿತು. ಮಳೆಗಾಲದಲ್ಲಿ ಮದ್ದು ತೇವವಾದರೆ ಈಡು ಹತ್ತುವುದಿಲ್ಲ ಎನ್ನುವುದು ಮಲೆನಾಡಿನ ಯಾರನ್ನು ಕೇಳಿದರೂ ಗೊತ್ತು. ಮಾದರಿಯನ್ನು ಆರಿಸಿದ್ದು ಹೊಲವೂ ಅಲ್ಲ, ಹಂದಿಯೂ ಅಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. ಕೋವಿ ಸುಲಭವಾಗಿ ಸಿಕ್ಕ ಕೈಗಳು ಕಾಡನ್ನು ಬರಿದು ಮಾಡಿದ್ದೂ ನಿಜ. ಮಹಾರಾಜರ, ದೊರೆಗಳ, ಆಮೇಲೆ ಜೀಪು ಟಾರ್ಚು ಹಿಡಿದು ಹೋದವರ ಬೇಟೆಗೆ ಹುಲಿ ಅಳಿವಿನ ಅಂಚಿಗೆ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಹುಲಿ ಯೋಜನೆ ಶುರುವಾಯಿತು, ನಮ್ಮ ಬಂಡೀಪುರ ಮೊದಲ ಪಟ್ಟಿಯಲ್ಲೇ ಇತ್ತು. ಶಿಕಾರಿಗೆ ಹೊಸ ರೈಫಲ್ ಯಾವುದು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಅಲ್ಲಿಗೆ ಅರ್ಥವೇ ಹೋಯಿತು. ಅದು ಸರಿಯಾದ ಕಾಯ್ದೆ ಎಂದೇ ನಮ್ಮ ಅಭಿಪ್ರಾಯ. ಬೆಳೆಗೆ ನುಗ್ಗುವ ಕಾಡುಪ್ರಾಣಿಯನ್ನು ಕೂಡ ಇಲಾಖೆಯ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ. ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ.

ಹಳೇ ರೈಫಲುಗಳ ಗತಿಯನ್ನೂ ಕಾಲ ತೀರ್ಮಾನಿಸಿತು. 1980ರ ದಶಕದಲ್ಲಿ ವಿದೇಶಿ ಕೋವಿಗಳ ಆಮದು ಬಿಗಿಯಾಯಿತು. ಒಂದು ಕಾಲಕ್ಕೆ ಮನೆತನದ ಹೆಮ್ಮೆಯಾಗಿದ್ದ ಜೋಡಿ ನಳಿಗೆಯ ರೈಫಲುಗಳು ತೋಟಾ ಸಿಗದೆ ಮೂಲೆ ಸೇರಿದವು. ಸರ್ಕಾರಿ ಕಾರ್ಖಾನೆಯ ತೋಟಾ ಸಿಗುವ 12 ಬೋರ್ ಮತ್ತು .315 ಉಳಿದವು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಕೊಡಗಿನ ವಿನಾಯಿತಿ ಮಾತ್ರ 1861ರಿಂದ ಬೇರೆ ಬೇರೆ ರೂಪದಲ್ಲಿ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಸಿಗುತ್ತದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಅಲ್ಲಿ ಮಗು ಹುಟ್ಟಿದಾಗಲೂ ಸಾವಾದಾಗಲೂ ಈಡಿನ ಸದ್ದು ಊರಿಗೆ ಸುದ್ದಿ ಮುಟ್ಟಿಸುತ್ತದೆ, ಕೈಲ್‌ಪೋಳ್ದ್ ಹಬ್ಬಕ್ಕೆ ತೋಕಿಗೆ ಹೂ ಏರುತ್ತದೆ. ಹಲಗಲಿಯ ಬೇಡರ ಮಕ್ಕಳು, ಮೊಮ್ಮಕ್ಕಳು ಅರ್ಜಿ ಹಿಡಿದು ಎಲ್ಲರಂತೆ ಸಾಲಿನಲ್ಲಿ ನಿಲ್ಲಬೇಕು.

ಉಳಿದ ಕಡೆ ಪ್ರತಿ ಚುನಾವಣೆಗೂ ಒಂದು ಸುತ್ತು ಇದ್ದೇ ಇದೆ. ನೀತಿಸಂಹಿತೆ ಜಾರಿಯಾದ ಕೂಡಲೇ ಕೋವಿ ಠಾಣೆಗೆ ಒಪ್ಪಿಸಿ ಎಂಬ ಸೂಚನೆ ಬರುತ್ತದೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಒಂದಾದ ಮೇಲೊಂದು ಬಂದರೆ ಬೆಳೆ ಕಾಯಬೇಕಾದ ಕೋವಿ ತಿಂಗಳುಗಟ್ಟಲೆ ಠಾಣೆಯಲ್ಲಿ ಕಾವಲು ಕೂರುತ್ತದೆ. ಹಂದಿಗೂ ಮಂಗನಿಗೂ ನೀತಿಸಂಹಿತೆ ಇಲ್ಲ. ಇಲ್ಲಿ ಒಂದು ವಿಷಯ ತಿಳಿದಿರಲಿ: ಯಾರ ಕೋವಿ ಇರಿಸಿಕೊಳ್ಳಬೇಕು, ಯಾರದ್ದು ಬೇಡ ಎಂದು ನೋಡಲು ಜಿಲ್ಲಾ ಮಟ್ಟದಲ್ಲಿ ಪರಿಶೀಲನಾ ಸಮಿತಿ ಇರುತ್ತದೆ. ಬೆಳೆ ರಕ್ಷಣೆಯ ಕಾರಣ ಬರೆದು ವಿನಾಯಿತಿ ಕೇಳಬಹುದು. ಒಪ್ಪಿಸಲೇಬೇಕಾಗಿ ಬಂದರೆ ಕೋವಿಯ ನಂಬರ್, ಅಳತೆ, ಸ್ಥಿತಿ ಬರೆಸಿದ ರಸೀದಿ ಇಲ್ಲದೆ ಠಾಣೆಯಿಂದ ಹೊರಗೆ ಬರಬೇಡಿ.

ಸರ್ಕಾರ ಅಂಜಬಾರದು ಎಂದು ನಾವು ಹೇಳುತ್ತಿಲ್ಲ. ಕೋವಿ ಎಂಬುದು ಅಂಜಿಕೆ ಇರಬೇಕಾದ ವಸ್ತುವೇ. ಆದರೆ ಯಾರಿಗೆ ಅಂಜಿ, ಯಾವಾಗ ಅಂಜಿ ಮಾಡಿದ ನಿಯಮ ಎಂದು ಕೇಳುವ ಹಕ್ಕು ನಮಗಿದೆ. ಗಡಿಯ ಬುಡಕಟ್ಟಿಗೆ ಅಂಜಿ .450 ಹೋಯಿತು, ಸಿಪಾಯಿಗೆ ಅಂಜಿ .315 ಬಂತು, ಊರಿನ ಜನರಿಗೆ ಅಂಜಿ ರೈತನ ಕೈಗೆ ಮದ್ದಿನ ಕೋವಿ ಬಂತು. ಅಂಜಿದವರು ಹಡಗು ಹತ್ತಿ ಹೋಗಿ ಎಪ್ಪತ್ತೈದು ವರ್ಷ ದಾಟಿತು. ಅವರು ಬರೆದ ನಂಬರ್ ನಮ್ಮ ಪರವಾನಗಿ ಪುಸ್ತಕದಲ್ಲಿ ಇನ್ನೂ ಹಾಗೇ ಇದೆ.